ಕೂಸಿಗೇನು ಕುಡಿಸುತ್ತೀರಿ ಎಂದು ಕೇಳುವವರ ಗಮನಕ್ಕೆ

ಮಾನ್ಯ ಸಂಪಾದಕರೇ,

ಆಗಸ್ಟ್ ಮೊದಲ ವಾರ ಸ್ತನ್ಯಪಾನ ಸಪ್ತಾಹವೆಂದು ಪತ್ರಿಕೆಗಳು ವಿಶೇಷ ಲೇಖನ ಪ್ರಕಟಿಸುವುದು, ತಾಲ್ಲೂಕು ಆಸ್ಪತ್ರೆಗಳಲ್ಲಿ ದೀಪ ಬೆಳಗಿಸಿ ಭಾಷಣ ಮಾಡುವುದು ಒಳ್ಳೆಯ ರೂಢಿಯೇ. ಆದರೆ ಆ ಲೇಖನಗಳಲ್ಲಿ, ಭಾಷಣಗಳಲ್ಲಿ, ಅವುಗಳಿಗೆ ಪ್ರತಿಕ್ರಿಯೆಯಾಗಿ ಬರುವ ಓದುಗರ ಪತ್ರಗಳಲ್ಲಿ ಒಂದು ಮಾತು ವರ್ಷವೂ ತಪ್ಪದೆ ಕಾಣಿಸಿಕೊಳ್ಳುತ್ತದೆ: ಈಗಿನ ಕಾಲದ ತಾಯಂದಿರು ಅಂದ ಕೆಡುತ್ತದೆಂದು ಮಗುವಿಗೆ ಎದೆಹಾಲು ಕೊಡುವುದಿಲ್ಲ ಎಂಬುದು ಆ ಮಾತು. ಹಳ್ಳಿಗಳ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನನಗೆ, ಹಾಲು ಸಾಲುತ್ತಿಲ್ಲವೆಂದು ಅತ್ತ ಬಾಣಂತಿಯರು ಸಿಕ್ಕಿದ್ದಾರೆ. ಮೊಲೆತೊಟ್ಟು ಬಿರಿದು ರಕ್ತ ಬರುತ್ತಿದ್ದರೂ ಹಲ್ಲು ಕಚ್ಚಿ ಹಾಲೂಡಿಸಿದವರು ಸಿಕ್ಕಿದ್ದಾರೆ. ಮೂರನೇ ತಿಂಗಳಿಗೇ ಕೂಲಿಗೆ ಹೊರಡಬೇಕಾದವರು ಸಿಕ್ಕಿದ್ದಾರೆ. ಅಂದದ ಚಿಂತೆಯಿಂದ ಹಾಲು ಬಿಡಿಸಿದ ತಾಯಿ ಮಾತ್ರ ಸಿಕ್ಕಿಲ್ಲ. ಎಲ್ಲಾದರೂ ಒಬ್ಬಿಬ್ಬರು ಇದ್ದಾರು. ಅವರ ನೆಪದಲ್ಲಿ ಒಂದು ತಲೆಮಾರಿನ ಹೆಂಗಸರನ್ನೆಲ್ಲ ಕಟಕಟೆಯಲ್ಲಿ ನಿಲ್ಲಿಸುವ ಈ ಮಾತನ್ನು ಇನ್ನು ಮುಂದೆ ಮುದ್ರಿಸಬಾರದೆಂದು ಕೇಳಿಕೊಳ್ಳುತ್ತಲೇ, ಅದರ ಹಿಂದಿರುವ ಮನೋಭಾವದ ಬಗ್ಗೆಯೂ ಒಂದಿಷ್ಟು ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲಿಗೆ, ಆ ಮಾತು ಲೆಕ್ಕಕ್ಕೂ ನಿಲ್ಲುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಆರು ತಿಂಗಳೊಳಗಿನ ಮಕ್ಕಳಲ್ಲಿ ತಾಯಿಹಾಲನ್ನು ಬಿಟ್ಟು ಬೇರೇನನ್ನೂ ಸೇವಿಸದವರ ಪ್ರಮಾಣ ದೇಶದಲ್ಲಿ 2005–06ರಲ್ಲಿ ಶೇ 46.4ರಷ್ಟಿತ್ತು. ಅದು 2015–16ರಲ್ಲಿ ಶೇ 54.9ಕ್ಕೂ, 2019–21ರಲ್ಲಿ ಶೇ 63.7ಕ್ಕೂ ಏರಿತು. ಅಂದರೆ ಈಗಿನ ತಾಯಂದಿರು ತಮ್ಮ ಹಿಂದಿನವರಿಗಿಂತ ಹೆಚ್ಚಾಗಿಯೇ ಎದೆಹಾಲು ಕೊಡುತ್ತಿದ್ದಾರೆ. ಅದೇ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಅಲುಗಾಡದೆ ನಿಂತಿರುವ ಅಂಕಿ ಬೇರೆಯದು: ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಸಿಕ್ಕ ಮಕ್ಕಳ ಪ್ರಮಾಣ 2015–16ರಲ್ಲಿ ಶೇ 41.6 ಇದ್ದದ್ದು ಐದು ವರ್ಷಗಳ ಬಳಿಕವೂ ಶೇ 41.8ರಲ್ಲೇ ಉಳಿದಿದೆ. ಇದೇ ವೇಳೆಗೆ ದೇಶದ ಹೆರಿಗೆಗಳಲ್ಲಿ ಶೇ 88.6ರಷ್ಟು ಆಸ್ಪತ್ರೆಗಳಲ್ಲೇ ಆಗತೊಡಗಿದ್ದವು, ನಮ್ಮ ರಾಜ್ಯದಲ್ಲಂತೂ ಸಿಸೇರಿಯನ್ ಪ್ರಮಾಣ ಶೇ 31.5ನ್ನು ಮುಟ್ಟಿತ್ತು. ಹೊಟ್ಟೆ ಕೊಯ್ಸಿಕೊಂಡು ಅರೆಮಂಪರಿನಲ್ಲಿ ಮಲಗಿರುವ ಹೆಂಗಸಿನ ಮಗ್ಗುಲಿಗೆ ಆ ಒಂದು ಗಂಟೆಯೊಳಗೆ ಕೂಸನ್ನು ತಂದು ಮಲಗಿಸಬೇಕಾದವರು ಯಾರು? ಅಲ್ಲಿ ಕೂಸು ಕುಡಿಯುವ ಮೊದಲ ಗುಟುಕು ಯಾವುದಾಗಬೇಕೆಂದು ನಿರ್ಧರಿಸುವವಳು ತಾಯಿಯಲ್ಲ. ಹಾಗಿದ್ದೂ ಮುಂದೆ ವರ್ಷಗಟ್ಟಲೆ ಅದರ ಲೆಕ್ಕ ಕೊಡಬೇಕಾದವಳು ಅವಳೇ.

ಲೆಕ್ಕ ಕೇಳುವವರು ಬಹುಪಾಲು ಹೆಂಗಸರೇ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಮಗು ನೋಡಲು ಬಂದವರು ತೊಟ್ಟಿಲಿನೊಳಗೆ ಇಣುಕುವ ಮೊದಲೇ ‘ಹಾಲು ಸಾಲ್ತಿದೆಯೇನಮ್ಮ’ ಎಂದು ಕೇಳುತ್ತಾರೆ. ಕೂಸು ಸ್ವಲ್ಪ ಅತ್ತರೂ ‘ಹೊಟ್ಟೆ ತುಂಬಿಲ್ಲ ಅಂತ ಕಾಣುತ್ತೆ’ ಎಂಬ ತೀರ್ಪು ಹೊರಬೀಳುತ್ತದೆ. ಹೆತ್ತ ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ, ಅಳತೆಯಲ್ಲಿ ಬಹಳ ಕಡಿಮೆಯಾದ ಮಂದ ಹಾಲು. ಕೂಸಿಗೆ ಆಗ ಬೇಕಾದದ್ದೂ ಅಷ್ಟೇ. ಸಿಸೇರಿಯನ್ ಆದವರಿಗೆ ಹಾಲು ಇಳಿಯುವುದು ಇನ್ನೊಂದು ದಿನ ತಡವಾಗುವುದೂ ಉಂಟು. ಈ ವಿಷಯ ತಿಳಿಯದೆ, ಅಥವಾ ತಿಳಿದಿದ್ದೂ ಅದನ್ನು ಹೇಳುವ ತಾಳ್ಮೆ ಇಲ್ಲದೆ, ಬಂದವರೆಲ್ಲ ಸಾಲುತ್ತಿದೆಯೇ ಎಂದು ಕೇಳಿದರೆ, ಸಾಲುತ್ತಿಲ್ಲವೇನೋ ಎಂಬ ಅಳುಕು ಬಾಣಂತಿಯಲ್ಲಿ ಹುಟ್ಟದೆ ಇದ್ದೀತೇ? ಆ ಅಳುಕಿನಿಂದಲೇ ಒಂದು ಹೊತ್ತು ಡಬ್ಬದ ಹಾಲು ಶುರುವಾಗುತ್ತದೆ. ಕೂಸು ಎದೆ ಚೀಪುವುದು ಕಡಿಮೆಯಾದಷ್ಟೂ ಹಾಲಿನ ಉತ್ಪತ್ತಿ ನಿಜವಾಗಿಯೂ ತಗ್ಗುತ್ತದೆ. ಕಡೆಗೆ ಅದೇ ಬಾಯಿಗಳು ‘ನೀನು ಸರಿಯಾಗಿ ಕುಡಿಸಲಿಲ್ಲ, ನಾವೆಲ್ಲ ಕುಡಿಸಿಲ್ಲವೇ’ ಎನ್ನುತ್ತವೆ.

ಹೀಗೆ ತೀರ್ಪು ಕೊಡುವವರು ತಮ್ಮ ಕಾಲದ ಸಲಹೆಯನ್ನು ಸಾರ್ವಕಾಲಿಕ ಸತ್ಯವೆಂದು ನಂಬಿರುತ್ತಾರೆ. ಮಗುವಿಗೆ ಹಾಲೂಡಿಸುವುದರ ಬಗ್ಗೆ ಕಳೆದ ನೂರು ವರ್ಷಗಳಲ್ಲಿ ಬದಲಾದಷ್ಟು ಸಲಹೆಗಳು ಬೇರೆ ವಿಷಯದಲ್ಲಿ ಬದಲಾದದ್ದು ವಿರಳ. 20ನೇ ಶತಮಾನದ ಆರಂಭದಲ್ಲಿ ನ್ಯೂಜಿಲೆಂಡಿನ ವೈದ್ಯ ಟ್ರೂಬಿ ಕಿಂಗ್, ಕೂಸಿಗೆ ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಹಾಲು ಕೊಡಬೇಕು, ರಾತ್ರಿ ಅತ್ತರೂ ಕೊಡಬಾರದು ಎಂದು ಬೋಧಿಸಿದರು. ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಎಷ್ಟೋ ದಾದಿಯರು ಅದನ್ನೇ ಪಾಠವಾಗಿ ಕಲಿತರು. ಇಂದು ಯಾವ ಮಕ್ಕಳ ವೈದ್ಯರೂ ಹಾಗೆ ಹೇಳುವುದಿಲ್ಲ. ಕೂಸು ಕೇಳಿದಾಗಲೆಲ್ಲ, ದಿನಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿಯೂ ಸೇರಿದಂತೆ ಹಾಲೂಡಿಸಬೇಕೆನ್ನುತ್ತಾರೆ. ಗಡಿಯಾರದ ಪಾಠ ನಮ್ಮ ಹಳ್ಳಿಗಳನ್ನು ಅಷ್ಟಾಗಿ ಮುಟ್ಟಲಿಲ್ಲ ಎನ್ನುವುದು ನಮ್ಮ ಪುಣ್ಯ. ನಮ್ಮಲ್ಲಿದ್ದ ರೂಢಿಗಳು ಬೇರೆ: ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು, ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುವುದು, ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಒಳಲೆಯಲ್ಲಿ ಸಕ್ಕರೆ ನೀರು ಹಾಕುವುದು. ಹಳದಿ ಹಾಲಿನಲ್ಲಿ ಕೂಸನ್ನು ಸೋಂಕಿನಿಂದ ಕಾಯುವ ಅಂಶಗಳು ಹೇರಳವಾಗಿವೆ, ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ಎಂಬ ಅಪರೂಪದ, ಆದರೆ ಗಂಭೀರವಾದ ಕಾಯಿಲೆ ತಗುಲಬಹುದು ಎಂಬುದು ಈಗ ತಿಳಿದಿದೆ. ಆದುದರಿಂದ ಆ ರೂಢಿಗಳನ್ನು ಕೈಬಿಡಿ ಎಂದು ಹೇಳುವುದು ಸರಿ. ಜೇನು ಸವರಿದ ಅಜ್ಜಿಯನ್ನು ಕೊಲೆಗಾತಿಯಂತೆ ನೋಡುವ ಸೊಸೆಯ ವರ್ತನೆ ಮಾತ್ರ ಸರಿಯಲ್ಲ. ಅಜ್ಜಿಗೆ ಅವಳ ಕಾಲದಲ್ಲಿ ಅದನ್ನು ಹೇಳಿದವರಿರಲಿಲ್ಲ.

ಡಬ್ಬದ ಹಾಲಿನ ಕಥೆಯಲ್ಲಿ ನಮ್ಮ ಮೈಸೂರಿಗೂ ಪಾಲುಂಟು. 1950ರಲ್ಲಿ ಚೆಲುವಾಂಬ ಮ್ಯಾನ್ಶನ್‌ನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ನಾವು ಸಿಎಫ್‌ಟಿಆರ್‌ಐ ಎಂದು ಕರೆಯುವ ಸಂಸ್ಥೆ, ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿತು. ಗುಜರಾತಿನ ಆಣಂದದ ಸಹಕಾರ ಒಕ್ಕೂಟ ಅದನ್ನು ಅಮುಲ್ ಹೆಸರಿನಲ್ಲಿ ದೇಶಕ್ಕೆಲ್ಲ ಹಂಚಿತು. ವಿದೇಶಿ ಡಬ್ಬಗಳನ್ನು ಆಮದು ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಅದೊಂದು ಸ್ವಾವಲಂಬನೆಯ ಸಾಧನೆಯೆಂದೇ ಹೆಸರಾಯಿತು, ಹೆಸರಾದದ್ದರಲ್ಲಿ ತಪ್ಪೂ ಇರಲಿಲ್ಲ. ಮೈಕೈ ತುಂಬಿಕೊಂಡ ಮಗುವನ್ನು ‘ಅಮುಲ್ ಬೇಬಿ’ ಎಂದು ಮುದ್ದಿನಿಂದ ಕರೆಯುವುದು ನಮ್ಮ ಮನೆಗಳ ಮಾತಿನೊಳಗೇ ಬಂದುಬಿಟ್ಟಿತು. ಆಗ ಡಬ್ಬ ಕೊಳ್ಳುವುದು ಉಳ್ಳವರ ಲಕ್ಷಣ, ಮಗುವಿನ ಮೇಲಿನ ಕಾಳಜಿಯ ಗುರುತು, ಕೊಳ್ಳಲಾರದವರು ಕೊರಗುತ್ತಿದ್ದರು. ಈಗ ಅದೇ ಡಬ್ಬ, ನೆಂಟರು ಬರುತ್ತಾರೆಂದರೆ ಅಕ್ಕಿಡಬ್ಬದ ಹಿಂದೆ ಅಡಗಿ ಕೂರುತ್ತದೆ. ಹೆಮ್ಮೆ ನಾಚಿಕೆಯಾಗಿ ಬದಲಾಗಿದೆ, ಎರಡನ್ನೂ ಹೊತ್ತವರು ತಾಯಂದಿರೇ.

ಡಬ್ಬದ ಹಾಲಿನ ವಿರುದ್ಧದ ಹೋರಾಟ ಆರಂಭವಾದದ್ದು ತಾಯಂದಿರ ಮೇಲಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. ಬಡ ದೇಶಗಳ ಆಸ್ಪತ್ರೆಗಳಿಗೆ ದಾದಿಯ ಉಡುಪು ತೊಡಿಸಿದ ಮಾರಾಟಗಾರ್ತಿಯರನ್ನು ಕಳಿಸಿ, ಉಚಿತ ಮಾದರಿ ಹಂಚಿ, ತಾಯಿಯ ಹಾಲು ಬತ್ತಿದ ಮೇಲೆ ಡಬ್ಬ ಕೊಳ್ಳುವಂತೆ ಮಾಡಿದ ಕಂಪನಿಗಳ ವಿರುದ್ಧ 1970ರ ದಶಕದಲ್ಲಿ ಆಕ್ರೋಶ ಎದ್ದಿತು. 1977ರಲ್ಲಿ ನೆಸ್ಲೆ ಕಂಪನಿಯ ಬಹಿಷ್ಕಾರಕ್ಕೆ ಕರೆ ಬಂತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಮಹಾಸಭೆ ತಾಯಿಹಾಲಿನ ಬದಲಿಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿದಾಗ ಅದನ್ನು ವಿರೋಧಿಸಿ ಮತ ಹಾಕಿದ್ದು ಅಮೆರಿಕ ಒಂದೇ. ಭಾರತ 1992ರಲ್ಲಿ ಅದಕ್ಕೆ ಕಾನೂನಿನ ರೂಪ ಕೊಟ್ಟು, 2003ರಲ್ಲಿ ತಿದ್ದುಪಡಿಯಿಂದ ಇನ್ನಷ್ಟು ಬಿಗಿ ಮಾಡಿತು. ಜಾಹೀರಾತು ಕೊಡಬಾರದು, ಮಾದರಿ ಹಂಚಬಾರದು, ಡಬ್ಬದ ಮೇಲೆ ಮಗುವಿನ ಅಥವಾ ಹೆಂಗಸಿನ ಚಿತ್ರ ಇರಬಾರದು, ಆರೋಗ್ಯ ಸಿಬ್ಬಂದಿಗೆ ಉಡುಗೊರೆ ಕೊಡಬಾರದು ಎಂದು ಆ ಕಾನೂನು ಹೇಳುತ್ತದೆ. ಅದು ಕಟ್ಟಿಹಾಕುವುದು ತಯಾರಕರನ್ನು, ವಿತರಕರನ್ನು, ಆಸ್ಪತ್ರೆ ಹಾಗೂ ಆರೋಗ್ಯ ಸಿಬ್ಬಂದಿಯನ್ನು. ಡಬ್ಬ ಕೊಂಡ ತಾಯಿಯನ್ನು ಅಪರಾಧಿಯೆನ್ನುವ ಒಂದೇ ಒಂದು ಕಲಮು ಅದರಲ್ಲಿಲ್ಲ. ಕಾನೂನು ಮಾಡದ ಕೆಲಸವನ್ನು ನಾವು ಪಡಸಾಲೆಯಲ್ಲಿ ಕೂತು ಮಾಡುತ್ತಿದ್ದೇವೆ.

ಈ ಕಾನೂನಿನಲ್ಲೇ ಸಲಹೆಯ ಬದಲಾವಣೆಯ ಗುರುತೂ ಸಿಗುತ್ತದೆ. 1992ರ ಪಠ್ಯ ಶಿಶು ಆಹಾರವೆಂದರೆ ನಾಲ್ಕು ತಿಂಗಳ ಬಳಿಕ ಕೊಡುವಂಥದ್ದು ಎಂದಿತ್ತು; 2003ರಲ್ಲಿ ಅದು ಆರು ತಿಂಗಳಾಯಿತು. ನಡುವೆ, 2001ರಲ್ಲಿ, ಅಲ್ಲಿಯವರೆಗೆ ನಾಲ್ಕರಿಂದ ಆರು ತಿಂಗಳು ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ, ಪುರಾವೆಗಳನ್ನು ಪರಿಶೀಲಿಸಿ ಪೂರ್ಣ ಆರು ತಿಂಗಳು ತಾಯಿಹಾಲು ಮಾತ್ರ ಎಂದು ಶಿಫಾರಸು ಮಾಡಿತ್ತು. ಹೀಗಾಗಿ 1995ರಲ್ಲಿ ಹೆತ್ತವಳು ನಾಲ್ಕು ತುಂಬುತ್ತಲೇ ರಾಗಿ ಸರಿ ಕದಡಿದ್ದರೆ ಅವಳು ಆಗಿನ ಅಧಿಕೃತ ಸಲಹೆಯನ್ನೇ ಪಾಲಿಸಿದ್ದಳು. 2015ರಲ್ಲಿ ಹೆತ್ತ ಅವಳ ಮಗಳು ಆರು ತಿಂಗಳು ತುಂಬಲೆಂದು ಕಾದಿದ್ದರೆ ಅವಳೂ ಪಾಲಿಸಿದ್ದಳು. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅಜ್ಞಾನಿಗಳೆಂದುಕೊಂಡು ಮುಖ ಊದಿಸಿಕೊಂಡಿರುವುದನ್ನು ನಾನು ಮನೆಭೇಟಿಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಎಚ್‌ಐವಿ ಇದ್ದ ತಾಯಂದಿರ ವಿಷಯ ಇದಕ್ಕಿಂತ ಕಠಿಣವಾದದ್ದು. ಹಾಲಿನ ಮೂಲಕ ಸೋಂಕು ದಾಟಬಹುದಾದ್ದರಿಂದ, ಸುರಕ್ಷಿತವಾದ ಬದಲಿ ಹಾಲು ನಿರಂತರವಾಗಿ ಸಿಗುವಂತಿದ್ದರೆ ಎದೆಹಾಲು ಬೇಡ ಎಂಬುದು 2000ದ ಸುಮಾರಿನ ಸಲಹೆಯಾಗಿತ್ತು. ತಾಯಿಗೆ ಅಥವಾ ಮಗುವಿಗೆ ಔಷಧಿ ಕೊಡುತ್ತ ಹಾಲೂಡಿಸಿದರೆ ಸೋಂಕು ದಾಟುವ ಸಂಭವ ಬಹಳ ತಗ್ಗುತ್ತದೆ, ಬಡತನದಲ್ಲಿ ಬದಲಿ ಹಾಲಿನಿಂದ ಬರುವ ಭೇದಿಯೇ ಹೆಚ್ಚು ಅಪಾಯಕಾರಿ ಎಂಬ ಪುರಾವೆ ಬಂದ ಮೇಲೆ 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿಯನ್ನೇ ಬದಲಿಸಿತು. ಎದೆಹಾಲು ಕೊಡದ ಸೊಸೆಯನ್ನು ನೆರೆಹೊರೆ ಪ್ರಶ್ನಿಸಿದಾಗ, ಕಾರಣ ಹೇಳಿದರೆ ಕಾಯಿಲೆ ಬಯಲಾಗುತ್ತದೆಂದು ಬಾಯಿ ಕಟ್ಟಿಕೊಂಡು ಕೂತ ಹೆಂಗಸಿನ ಸಂಕಟ ಎಂಥದ್ದಿರಬಹುದೆಂದು ಯೋಚಿಸಬೇಕು. ಪಕ್ಕದ ಮನೆಯವಳು ಬಾಟಲಿ ಹಿಡಿದದ್ದಕ್ಕೆ ಕಾರಣ ಏನಿದ್ದೀತೆಂದು ನಮಗೆ ಗೊತ್ತಿರುವುದಿಲ್ಲ, ಗೊತ್ತಾಗಬೇಕಾದ ಹಕ್ಕೂ ನಮಗಿಲ್ಲ.

ಸಲಹೆಗಳು ಈಗಲೂ ಒಂದೇ ಕಡೆ ನಿಂತಿಲ್ಲ. ಅಲರ್ಜಿಯ ಸಂಭವ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿ ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಹೇಳಿತ್ತು. ಲಂಡನ್ನಿನಲ್ಲಿ 640 ಶಿಶುಗಳ ಮೇಲೆ ನಡೆದ ಲೀಪ್ ಅಧ್ಯಯನ 2015ರಲ್ಲಿ ಪ್ರಕಟವಾಗಿ, ಅಂಥ ಮಕ್ಕಳಿಗೆ ಮೊದಲ ವರ್ಷದಲ್ಲೇ ಕಡಲೆಕಾಯಿ ತಿನ್ನಿಸತೊಡಗಿದರೆ ಅಲರ್ಜಿ ತೀರಾ ಕಡಿಮೆಯಾಗುತ್ತದೆಂದು ತೋರಿಸಿದ ಮೇಲೆ ಮಾತು ತಿರುವುಮುರುವಾಯಿತು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬರುವ ನಮ್ಮ ಊರುಗಳ ಅಮ್ಮಂದಿರು, ಮೊದಲನೇ ಮೊಮ್ಮಗುವಿಗೆ ಬೇಡವೆಂದದ್ದನ್ನು ಎರಡನೆಯದಕ್ಕೆ ಬೇಕೆನ್ನುತ್ತಾರಲ್ಲ ಎಂದು ಬೆರಗಾದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಹಸುವಿನ ಹಾಲಿನ ವಿಷಯದಲ್ಲಂತೂ ಇಂದಿಗೂ ದೊಡ್ಡವರಲ್ಲೇ ಒಮ್ಮತವಿಲ್ಲ: ಒಂದು ವರ್ಷದವರೆಗೆ ಅದನ್ನು ಮುಖ್ಯ ಹಾಲಾಗಿ ಕುಡಿಸಬಾರದೆಂದು ಅಮೆರಿಕದ ಅಕಾಡೆಮಿ ಹೇಳಿದರೆ, ತಾಯಿಹಾಲು ಸಿಗದ ಆರರಿಂದ ಹನ್ನೊಂದು ತಿಂಗಳ ಮಕ್ಕಳಿಗೆ ಡಬ್ಬದ ಹಾಲನ್ನಾಗಲಿ ಪ್ರಾಣಿಯ ಹಾಲನ್ನಾಗಲಿ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ತಜ್ಞರೇ ಹೀಗೆ ಎರಡು ಮಾತಾಡುವಲ್ಲಿ, ಏಳು ತಿಂಗಳ ಮಗುವಿಗೆ ಮನೆಯ ಹಸುವಿನ ಹಾಲು ಕಾಯಿಸಿ ಕೊಟ್ಟ ರೈತನ ಹೆಂಡತಿಯನ್ನು ನಗರದ ಓರಗಿತ್ತಿ ಹೀಯಾಳಿಸುವುದಕ್ಕೆ ಯಾವ ಆಧಾರವಿದೆ?

ಇದರರ್ಥ ಸಲಹೆಗಳೆಲ್ಲ ಬರಿಯ ಗಾಳಿಮಾತು ಎಂದಲ್ಲ. ಮೊದಲ ಆರು ತಿಂಗಳು ತಾಯಿಹಾಲು, ಆಮೇಲೆ ಮೇಲಾಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತಾಯಿಹಾಲು ಎಂಬ ಮಾತಿಗೆ ಗಟ್ಟಿಯಾದ ಬುನಾದಿ ಇದೆ. ನನ್ನ ವೃತ್ತಿಯುದ್ದಕ್ಕೂ ಅದನ್ನೇ ಸಾರಿದ್ದೇನೆ, ಈಗಲೂ ಸಾರುತ್ತೇನೆ. ಪುರಾವೆ ಬಂದಾಗ ಸಲಹೆ ಬದಲಾಗುವುದು ವೈದ್ಯಶಾಸ್ತ್ರದ ಆರೋಗ್ಯದ ಲಕ್ಷಣ. ನನ್ನ ತಕರಾರು, ಸಾವಿರಾರು ಮಕ್ಕಳನ್ನು ಒಟ್ಟಾಗಿ ನೋಡಿ ರೂಪಿಸಿದ ಸಲಹೆಯನ್ನು ಒಬ್ಬ ತಾಯಿಯ ಯೋಗ್ಯತೆ ಅಳೆಯುವ ಗಜಕಡ್ಡಿಯಾಗಿ ಬಳಸುವುದರ ಬಗ್ಗೆ. ಆ ಕಡ್ಡಿಯಿಂದ ಯಾರೂ ತಪ್ಪಿಸಿಕೊಳ್ಳಲಾರರು. ಹಾಲು ಕೊಡದವಳು ನಿರ್ದಯಿ. ಬಸ್‌ ನಿಲ್ದಾಣದಲ್ಲಿ ಸೆರಗು ಮುಚ್ಚಿ ಕೊಟ್ಟವಳು ಲಜ್ಜೆಗೆಟ್ಟವಳು. ಎರಡೂವರೆ ವರ್ಷದ ಮಗುವಿಗೂ ಕೊಡುವವಳಿಗೆ ‘ಇನ್ನೂ ಬಿಡಿಸಿಲ್ಲವಾ’ ಎಂಬ ನಗೆ. ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿ ಹಾಕಿದವಳಿಗೆ ತಾಯಿಹಾಲಿನಲ್ಲಿ ಎಲ್ಲ ಇರುವಾಗ ಅದ್ಯಾಕೆ ಎಂಬ ಪ್ರಶ್ನೆ.

ಈ ಮಾತುಗಳಿಂದ ಮನಸ್ಸಿಗೆ ನೋವಾಗುತ್ತದೆ ಎಂಬಷ್ಟಕ್ಕೇ ವಿಷಯ ಮುಗಿಯುವುದಿಲ್ಲ, ಕೂಸಿನ ಮೈಗೂ ಅದರ ಪೆಟ್ಟು ತಗಲುತ್ತದೆ. ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡಬೇಕೆಂಬ ನಿಯಮವಿದೆ. ಅವಳು ‘ಬರೀ ಎದೆಹಾಲೇ ತಾನೇ’ ಎಂದು ಕೇಳುವ ಧಾಟಿಯಲ್ಲೇ ಬೇಕಾದ ಉತ್ತರ ಅಡಗಿರುವಾಗ, ಬಾಣಂತಿ ಹೌದೆಂದು ತಲೆಯಾಡಿಸುತ್ತಾಳೆ. ಡಬ್ಬದ ವಿಷಯ ಹೊರಬರುವುದೇ ಇಲ್ಲ. ಹೊರಬರದ ಕಾರಣ, ಪುಡಿಯನ್ನು ಹೇಗೆ ಕದಡಬೇಕೆಂದು ಅವಳಿಗೆ ಹೇಳಿಕೊಡುವವರೂ ಇರುವುದಿಲ್ಲ. ತಿಂಗಳ ಕೊನೆಯವರೆಗೆ ಡಬ್ಬ ಬರಲೆಂದು ಅಳತೆಗಿಂತ ಕಡಿಮೆ ಪುಡಿಗೆ ಹೆಚ್ಚು ನೀರು ಬೆರೆಸಿದರೆ ಮಗು ಹೊಟ್ಟೆ ತುಂಬಿದಂತೆ ಕಂಡರೂ ಸೊರಗುತ್ತದೆ. ಪುಷ್ಟಿಯಾಗಲೆಂದು ಗಟ್ಟಿಯಾಗಿ ಕದಡಿದರೆ ಅದರ ಮೂತ್ರಪಿಂಡಕ್ಕೆ ಭಾರ. ತೊಳೆದೂ ತೊಳೆಯದ ಬಾಟಲಿಯ ರಬ್ಬರು ಮೂತಿಯಲ್ಲಿ ಭೇದಿಯ ರೋಗಾಣು. 1970ರ ದಶಕದಲ್ಲಿ ಬಡ ದೇಶಗಳಲ್ಲಿ ಡಬ್ಬದ ಹಾಲು ಕುಡಿದ ಮಕ್ಕಳನ್ನು ಕೊಂದದ್ದು ಹೆಚ್ಚಾಗಿ ಇಂಥ ನೀರು ಹಾಲು ಮತ್ತು ಕೊಳಕು ಬಾಟಲಿಗಳೇ. ತಾಯಿಗೆ ಬೈದು ಅವಳ ಬಾಯಿ ಮುಚ್ಚಿಸಿದರೆ ಆ ಅಪಾಯವನ್ನು ನಾವೇ ಮನೆಯೊಳಗೆ ಬಿಟ್ಟುಕೊಂಡಂತೆ. ಬಾಟಲಿಯ ಬದಲು, ಕುದಿಸಿ ತೊಳೆಯಲು ಸುಲಭವಾದ ಬಟ್ಟಲು ಚಮಚ ಅಥವಾ ನಮ್ಮ ಅಜ್ಜಿಯರ ಒಳಲೆ ಬಳಸಿ ಎಂಬ ಸರಳ ಮಾತನ್ನೂ, ನಿಜ ಹೇಳಿದ ತಾಯಿಗೆ ಮಾತ್ರ ಹೇಳಲು ಸಾಧ್ಯ.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಬಾಣಂತಿಯರ ವಾರ್ಡಿನ ಗೋಡೆಗೆ ‘ತಾಯಿಹಾಲೇ ಅಮೃತ’ ಎಂಬ ಫಲಕ ಹಾಕುವಷ್ಟೇ ಶ್ರದ್ಧೆಯಿಂದ, ಪ್ರತಿ ಪಾಳಿಯಲ್ಲೂ ಒಬ್ಬ ಶುಶ್ರೂಷಕಿಯನ್ನು ಹಾಲೂಡಿಸುವ ನೆರವಿಗೆಂದೇ ನೇಮಿಸಲಿ. ಕೂಸನ್ನು ಹೇಗೆ ಹಿಡಿಯಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಅದರ ಬಾಯೊಳಗೆ ಹೋಗುವಂತೆ ಹೇಗೆ ಹಚ್ಚಬೇಕು, ಎದೆ ಕಲ್ಲುಕಟ್ಟಿದಾಗ ಹೇಗೆ ಹಿಂಡಿ ತೆಗೆಯಬೇಕು ಎಂಬುದನ್ನು ಭಾಷಣದಿಂದ ಕಲಿಸಲಾಗದು, ಪಕ್ಕದಲ್ಲಿ ಕೂತು ಕೈ ಹಿಡಿದೇ ಕಲಿಸಬೇಕು. ತೂಕ ಕಡಿಮೆ ಇರುವ, ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಬೇರೆ ತಾಯಂದಿರು ದಾನ ಮಾಡಿದ ಹಾಲನ್ನು ಕಾಪಿಡುವ ಬ್ಯಾಂಕು ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿದೆ. ಅಂಥದ್ದು ಪ್ರತಿ ಜಿಲ್ಲಾಸ್ಪತ್ರೆಗೂ ಬರಲಿ.

ಇನ್ನು ದುಡಿಯುವ ತಾಯಂದಿರ ವಿಷಯ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು, ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ಪಡೆಯಬಹುದು. ಹಾಗೆ ಪಡೆದವಳು ಕೂಸಿಗೆ ನಾಲ್ಕು ತಿಂಗಳು ದಾಟುತ್ತಿದ್ದಂತೆ ಕೆಲಸಕ್ಕೆ ಹಾಜರಾಗಬೇಕು. ಆರು ತಿಂಗಳು ಬರೀ ಎದೆಹಾಲು ಎಂಬ ಸಲಹೆಯೂ ಈ ಲೆಕ್ಕವೂ ಎಲ್ಲಿ ಕೂಡುತ್ತವೆ? 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದು ಕಾಯ್ದೆ ಹೇಳಿತು. ಬೆಂಗಳೂರಿನ ಹಾಗೂ ಸುತ್ತಲಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರೇ ಆಗಿರುವುದರಿಂದ, ಯಾವ ಯಾವ ಕಾರ್ಖಾನೆಗಳಲ್ಲಿ ಈ ಕೇಂದ್ರ ನಿಜಕ್ಕೂ ಬಾಗಿಲು ತೆರೆದಿದೆ, ಅದು ಹೊಲಿಗೆ ಸಾಲಿನಿಂದ ಎಷ್ಟು ದೂರದಲ್ಲಿದೆ, ಹಾಲೂಡಿಸಿ ಬಂದವಳ ಆ ಹೊತ್ತಿನ ಉತ್ಪಾದನೆಯ ಗುರಿಯನ್ನು ಕಡಿಮೆ ಮಾಡುತ್ತಾರೋ ಇಲ್ಲವೋ ಎಂಬ ವಿವರವನ್ನು ಕಾರ್ಮಿಕ ಇಲಾಖೆ ಪರಿಶೀಲಿಸಿ ಪ್ರಕಟಿಸಬೇಕು. ಕೃಷಿ ಕೂಲಿ ಮಾಡುವವರಿಗೆ, ಮನೆಗೆಲಸದವರಿಗೆ ಈ ರಜೆ ಕೈಗೆಟುಕುವುದೇ ಇಲ್ಲ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಘೋಷಿಸಿತು. ಅವುಗಳಲ್ಲಿ ತಾಯಂದಿರು ಬಂದು ಮರೆಯಲ್ಲಿ ಕೂತು ಹಾಲೂಡಿಸಲು ಜಾಗವಿದೆಯೇ, ಕೆಲಸದ ಸ್ಥಳದಿಂದ ನಡುವೆ ಬಂದುಹೋಗಲು ಕೂಲಿಕಾರರ ಮೇಲುಸ್ತುವಾರಿ ನೋಡುವ ಕಾಯಕಬಂಧುಗಳು ಬಿಡುತ್ತಾರೆಯೇ, ಹಾಗೆ ಬಂದುಹೋದ ಹೊತ್ತಿಗೆ ಕೂಲಿ ಕತ್ತರಿಸುತ್ತಾರೆಯೇ ಎಂಬುದಕ್ಕೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ನಿಮ್ಮ ಪತ್ರಿಕೆಯ ಮೂಲಕವೇ ಉತ್ತರ ಕೊಡಲೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆರೋಗ್ಯ ಸಹಾಯಕಿ,
ತುಮಕೂರು ಜಿಲ್ಲೆ